4 ಪೌಂಡ್ 60 ಪೆನ್ಸ್

ಸ್ಕಾಟ್ಲೆಂಡಿನ ಒಂದು ಸ್ಥಳೀಯ ಆಡಳಿತದ, ಅಂದರೆ ಕೌನ್ಸಿಲ್‌ನ ವಸತಿ ವಿಭಾಗದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಮ್ಯಾನೇಜರು ಒಂದು ಫೈಲು ಕೈಗಿಟ್ಟು, "ಈ ವರ್ಷದ ರೆಂಟ್ ಕನ್ಸಲ್ಟೇಷನ್ ನಿನ್ನದು" ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಬೆಂಗಳೂರಿನಲ್ಲಿ ಆರು ವರ್ಷ ಬಾಡಿಗೆ ಮನೆಯಲ್ಲಿದ್ದವಳು ನಾನು. ಹನ್ನೊಂದು ತಿಂಗಳ ಕರಾರು ಮುಗಿಯುತ್ತಾ ಬಂದರೆ ಓನರ್ ಆಂಟಿ ಮಹಡಿ ಇಳಿದು ಬಂದು "ಮುಂದಿನ ತಿಂಗಳಿಂದ ಒಂದು ಸಾವಿರ ಜಾಸ್ತಿ ಕೊಟ್ಬಿಡಮ್ಮ" ಅನ್ನೋರು, ನಾನು "ಆಯ್ತು ಆಂಟಿ" ಅನ್ನುತ್ತಿದ್ದೆ. ಅಲ್ಲಿಗೆ ಸಮಾಲೋಚನೆ ಮುಗಿಯಿತು!

ಇಲ್ಲಿ ಕೇಳಲೇಬೇಕು. 2001ರ ಸ್ಕಾಟ್ಲೆಂಡ್ ವಸತಿ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಕೌನ್ಸಿಲ್ ಮನೆಗಳ (ಕೌನ್ಸಿಲ್ ತಾನೇ ಬಾಡಿಗೆಗೆ ಕೊಡುವ ಮನೆಗಳ) ಬಾಡಿಗೆ ಏರಿಸುವ ನೋಟಿಸು ಹೋಗುವ ಮುಂಚೆ ಬಾಡಿಗೆದಾರರ ಅಭಿಪ್ರಾಯ ಕೇಳಬೇಕು, ಅವರು ಹೇಳಿದ್ದನ್ನು ಗಣನೆಗೆ ತೆಗೆದುಕೊಳ್ಳಬೇಕು. ಆಮೇಲೆ ಕನಿಷ್ಠ ನಾಲ್ಕು ವಾರ ಮುಂಚಿತವಾಗಿ ನೋಟಿಸು. ಪಕ್ಕದ ಇಂಗ್ಲೆಂಡಿನಲ್ಲಿ ಹೀಗೆ ಕೇಳಲೇಬೇಕೆಂಬ ಕಟ್ಟುಪಾಡಿಲ್ಲ. ಅಲ್ಲಿ ಹೆಚ್ಚೆಂದರೆ ಎಷ್ಟು ಏರಿಸಬಹುದು ಅನ್ನೋದಕ್ಕೆ ಸರ್ಕಾರದ್ದೇ ಒಂದು ಸೂತ್ರ ಇದೆ. ಬಾಡಿಗೆದಾರರನ್ನು ಕೇಳಿ ಮಾಡಬೇಕಾದ ಕೆಲಸಗಳನ್ನು ಹೇಳುವ 1985ರ ಕಾಯ್ದೆ ಬಾಡಿಗೆ ವಿಷಯವನ್ನು ಹೊರಗೇ ಇಟ್ಟಿದೆ. ಸ್ಕಾಟ್ಲೆಂಡಿನಲ್ಲಿ ಅಂಥ ಸೂತ್ರ ಇಲ್ಲದ್ದರಿಂದ ಪ್ರತಿ ಕೌನ್ಸಿಲ್ಲೂ ತನ್ನ ಲೆಕ್ಕ ತಾನೇ ಹಾಕುತ್ತದೆ. ನವೆಂಬರಿನಲ್ಲಿ ಕೇಳುವುದು, ಜನವರಿಯಲ್ಲಿ ವರದಿ, ಫೆಬ್ರವರಿಯಲ್ಲಿ ಕೌನ್ಸಿಲರ್‌ಗಳ ತೀರ್ಮಾನ, ತಿಂಗಳ ಕೊನೆಗೆ ಪತ್ರ, ಏಪ್ರಿಲ್‌ಗೆ ಹೊಸ ಬಾಡಿಗೆ. ನಮ್ಮ ವರ್ಷ ಹೀಗೆ ಸುತ್ತುತ್ತದೆ.

ಮೊದಲ ವರ್ಷ ನಾನು ಮಾಡಿದ ಕರಪತ್ರ ನೋಡಲು ಚೆನ್ನಾಗಿತ್ತು. ಏರಿಕೆಗೆ ಮೂರು ಆಯ್ಕೆ, ಒಂದೊಂದಕ್ಕೂ ಬೇರೆ ಬೇರೆ ಪರ್ಸೆಂಟು, ಪಕ್ಕದಲ್ಲಿ ಒಂದೊಂದು ಚೌಕ. ಕೆಳಗೆ ಉದಾಹರಣೆ: ವಾರಕ್ಕೆ 85 ಪೌಂಡ್ ಬಾಡಿಗೆಯ ಎರಡು ಬೆಡ್‌ರೂಮಿನ ಮನೆಗೆ 5% ಅಂದರೆ 4 ಪೌಂಡ್ 25 ಪೆನ್ಸ್. ಎಲ್ಲ ಮನೆಗಳಿಗೂ ಅಂಚೆಯಲ್ಲಿ ಹೋಯಿತು.

ಅದೇ ವಾರ ವೃದ್ಧರಿಗೆಂದೇ ಕಟ್ಟಿದ ಮನೆಗಳ ಸಮುಚ್ಚಯವೊಂದರಲ್ಲಿ ಸಭೆ ಇತ್ತು. ಕಾಮನ್ ರೂಮಿನಲ್ಲಿ ಟೀ, ಶಾರ್ಟ್‌ಬ್ರೆಡ್ಡು, ಹೆಚ್ಚೆಂದರೆ ಹದಿನೈದು ಜನ. ನಾನು ಸ್ಲೈಡು ತೋರಿಸುತ್ತಿದ್ದಾಗ ಕಿಟಕಿ ಪಕ್ಕದ ಒಬ್ಬರು ಅಜ್ಜಿ ನನ್ನ ಕರಪತ್ರದ ಲಕೋಟೆ ಮಗುಚಿ ಪೆನ್ಸಿಲಿನಲ್ಲಿ ಏನೋ ಗೀಚುತ್ತಿದ್ದರು. ಮುಗಿದ ಮೇಲೆ ಕೈ ಎತ್ತಿದರು. "ಹೆನ್, ನಿನ್ನ ಲೆಕ್ಕ ತಪ್ಪು." (ಇಲ್ಲಿನ ಅಜ್ಜಿಯರು ಹೆಂಗಸರನ್ನು 'ಹೆನ್' ಅಂತಲೇ ಕರೆಯೋದು, ನಮ್ಮಲ್ಲಿ 'ಪುಟ್ಟಿ' ಅಂದ ಹಾಗೆ.) "ನೀನು ಹೇಳೋದು ನಾಲ್ಕು ಇಪ್ಪತ್ತೈದು. ನನ್ನ ಕೈಯಿಂದ ಹೋಗೋದು ನಾಲ್ಕು ಅರವತ್ತು."

ಅವರ ಲೆಕ್ಕವೇ ಸರಿ. ನಮ್ಮ ಕೌನ್ಸಿಲ್‌ನಲ್ಲಿ ವರ್ಷದ ಬಾಡಿಗೆಯನ್ನು 48 ವಾರಗಳಲ್ಲಿ ವಸೂಲು ಮಾಡುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಎರಡು ವಾರ, ಮಾರ್ಚ್ ಕೊನೆಗೆ ಎರಡು ವಾರ ಬಾಡಿಗೆ ಇಲ್ಲ. ಹಳೇ ಪದ್ಧತಿ, ಹಬ್ಬದಲ್ಲಿ ಕೈ ಸ್ವಲ್ಪ ಸಡಿಲವಾಗಿರಲಿ ಅಂತ. ಆದರೆ 52 ವಾರದ ಬಾಡಿಗೆಯೇ 48 ಕಂತಾಗಿ ಬರುವುದರಿಂದ 85 ಪೌಂಡ್ ಅನ್ನೋದು ಬಾಡಿಗೆದಾರರ ಪಾಲಿಗೆ 92 ಪೌಂಡ್ 8 ಪೆನ್ಸ್, ಏರಿಕೆ 4 ಪೌಂಡ್ 60. ಫೈನಾನ್ಸ್‌ನವರ ಕೋಷ್ಟಕ 52 ವಾರದ್ದು, ನಾನು ಅದನ್ನೇ ಎತ್ತಿ ಹಾಕಿದ್ದೆ. ಕಚೇರಿಯಲ್ಲಿ ನಾಲ್ಕು ಜನ ಆ ಕರಪತ್ರ ಓದಿ ಸಹಿ ಮಾಡಿದ್ದರು. ಅವರಲ್ಲಿ ಒಬ್ಬರೂ ಕೌನ್ಸಿಲ್ ಮನೆಯಲ್ಲಿ ಇದ್ದವರಲ್ಲ, ನಾನೂ ಅಲ್ಲ.

ತಿದ್ದಿದ ಹಾಳೆ ಮತ್ತೆ ಎಲ್ಲರಿಗೂ ಹೋಯಿತು, ಕೊನೆಯ ದಿನಾಂಕ ಮುಂದಕ್ಕೆ ಹೋಯಿತು. ಮ್ಯಾನೇಜರಿಗೆ ಅಂಚೆ ಖರ್ಚಿನ ಸಂಕಟ. ನನಗೆ ಬೇರೆಯದೇ ಚಿಂತೆ. ಇಷ್ಟು ವರ್ಷ ಜನ ಯಾವ ಸಂಖ್ಯೆ ನೋಡಿ ಚೌಕದಲ್ಲಿ ಗುರುತು ಹಾಕುತ್ತಿದ್ದರು?

ವಾಪಸು ಬಂದ ಹಾಳೆಗಳಲ್ಲಿ ಇನ್ನೊಂದು ಪಾಠ ಇತ್ತು. ಕೆಲವರು ನಾನು ಕೊಟ್ಟ ಮೂರು ಚೌಕದ ಕೆಳಗೆ ತಾವೇ ನಾಲ್ಕನೆಯದೊಂದು ಬರೆದುಕೊಂಡು, ಅದರಲ್ಲಿ ಸೊನ್ನೆ ಹಾಕಿ, ಅದಕ್ಕೆ ಗುರುತು ಹಾಕಿದ್ದರು. ಒಬ್ಬರಂತೂ ಸ್ಕೇಲ್ ಇಟ್ಟು ಅಚ್ಚುಕಟ್ಟಾಗಿ ಗೀಟೆಳೆದಿದ್ದರು. ಇವನ್ನು 'ಅಸಿಂಧು' ಕಟ್ಟಿಗೆ ಸೇರಿಸು ಅನ್ನೋದು ಕಚೇರಿಯ ಸಲಹೆ. ನಾನು ಒಪ್ಪಲಿಲ್ಲ. ಇಡೀ ಸಮೀಕ್ಷೆಯಲ್ಲಿ ನಿಜವಾಗಿ ಉತ್ತರ ಕೊಟ್ಟವರು ಅವರೇ ಅಂತ ನನಗೆ ಈಗಲೂ ಅನಿಸುತ್ತದೆ. ಉಳಿದವರು ನಾನು ಹಾಕಿದ ಬೇಲಿಯೊಳಗೆ ಓಡಾಡಿದರು. ಅವರ ಸೊನ್ನೆಗಳನ್ನೂ ಎಣಿಸಿ, ಅವರು ಬರೆದ ಮಾತುಗಳನ್ನು ಇದ್ದ ಹಾಗೇ ವರದಿಗೆ ಲಗತ್ತಿಸಿದೆ.

ಬಾಡಿಗೆ ಅನ್ನೋದು ಈ ನೆಲದಲ್ಲಿ ಸಣ್ಣ ವಿಷಯವಲ್ಲ ಅಂತ ತಿಳಿದದ್ದೂ ಆ ಸಭೆಗಳಲ್ಲೇ. 1915ರಲ್ಲಿ, ಯುದ್ಧದ ಹೊತ್ತಿನಲ್ಲಿ, ಗ್ಲಾಸ್ಗೋದ ಮನೆ ಮಾಲೀಕರು ಬಾಡಿಗೆ ಏರಿಸಿದಾಗ ಗೋವನ್ ಬಡಾವಣೆಯ ಹೆಂಗಸರು ಕಟ್ಟಲು ನಿರಾಕರಿಸಿದರು. ಮುಂದಾಳು ಮೇರಿ ಬಾರ್ಬರ್. ಮನೆ ಖಾಲಿ ಮಾಡಿಸಲು ಬಂದವರ ಮೇಲೆ ಹಿಟ್ಟು ಎರಚಿ ಓಡಿಸಿದರು. ಆ ವರ್ಷ ಮುಗಿಯುವಷ್ಟರಲ್ಲಿ ಲಂಡನ್ನಿನ ಪಾರ್ಲಿಮೆಂಟು ಬಾಡಿಗೆಗೆ ಮಿತಿ ಹಾಕುವ ಕಾಯ್ದೆ ಮಾಡಬೇಕಾಯಿತು. ಆಕೆಯ ಪ್ರತಿಮೆ 2018ರಿಂದ ಗೋವನ್‌ನಲ್ಲಿ ನಿಂತಿದೆ. ಸಭೆಯಲ್ಲಿ ಒಬ್ಬರು ತಾತ ಈ ಕಥೆಯನ್ನೆಲ್ಲ ಹೇಳಿ, ನನ್ನ ಕರಪತ್ರ ಮಡಚಿ ಜೇಬಿಗಿಟ್ಟು, "ನೀನೇನೋ ಕೇಳಿಕೊಂಡು ಬಂದಿದ್ದೀಯ, ಪರವಾಗಿಲ್ಲ" ಅಂದರು. ಹೊಗಳಿದರೋ ತಿವಿದರೋ!

ಎರಡನೇ ವರ್ಷ ಸ್ಲೈಡು ಬಿಟ್ಟು ನೂರು ಒಂದು-ಪೆನ್ನಿ ನಾಣ್ಯ ತಗೊಂಡು ಹೋದೆ. ಮೇಜಿನ ಮೇಲೆ ಒಂದು ಪೌಂಡ್ ಬಾಡಿಗೆ ಎಲ್ಲೆಲ್ಲಿಗೆ ಹೋಗುತ್ತದೆ ಅಂತ ರಾಶಿ ಮಾಡಿಟ್ಟೆ: ರಿಪೇರಿ, ಕಿಟಕಿ-ಅಡುಗೆಮನೆ ಬದಲಾಯಿಸೋದು, ಸಿಬ್ಬಂದಿ, ಖಾಲಿ ಬಿದ್ದ ಮನೆಗಳಿಂದ ಆದ ನಷ್ಟ, ಕೌನ್ಸಿಲ್ ಮಾಡಿದ ಸಾಲದ ಕಂತು. ಮೊದಲು ಬರುವ ಪ್ರಶ್ನೆ ಯಾವಾಗಲೂ ಒಂದೇ: ನಮ್ಮ ಬಾಡಿಗೆ ದುಡ್ಡಲ್ಲಿ ರಸ್ತೆ ಗುಂಡಿ ಮುಚ್ಚುತ್ತೀರಾ? ಇಲ್ಲ, ಕೌನ್ಸಿಲ್ ಮನೆಗಳ ಲೆಕ್ಕ ಬೇರೆಯೇ ಇರುತ್ತದೆ, ಆ ದುಡ್ಡು ರಸ್ತೆಗೆ ಶಾಲೆಗೆ ಹೋಗುವಂತಿಲ್ಲ. ಎರಡನೇ ಪ್ರಶ್ನೆ ಕಷ್ಟದ್ದು. ಬಾಡಿಗೆದಾರರು ತಾವಿರುವ ಕೌನ್ಸಿಲ್ ಮನೆಯನ್ನೇ ಕೊಳ್ಳಬಹುದಾಗಿದ್ದ, 2016ಕ್ಕೆ ನಿಂತ ರೈಟ್ ಟು ಬೈ ಯೋಜನೆಯಲ್ಲಿ ಮನೆ ಕೊಂಡುಕೊಂಡವರೂ ಅದೇ ಮೆಟ್ಟಿಲು ಹತ್ತುತ್ತಾರೆ, ಅದೇ ಹುಲ್ಲಿನಂಗಳ ಬಳಸುತ್ತಾರೆ. ಹುಲ್ಲು ಕತ್ತರಿಸುವ ಖರ್ಚು ನಮಗೆ ಮಾತ್ರ ಯಾಕೆ? ಇದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ. ಬರೆದುಕೊಂಡೆ.

ಸಾಲದ ರಾಶಿಯ ಮೇಲೆ ಒಂದು ಗಾಜಿನ ಲೋಟ ಬೋರಲು ಹಾಕಿದ್ದೆ, ಅದನ್ನು ಯಾರೂ ಮುಟ್ಟುವ ಹಾಗಿಲ್ಲ ಅಂತ. ಬಾಕಿ ನಾಣ್ಯ ನೀವೇ ಅತ್ತಿತ್ತ ಸರಿಸಿ ಅಂದೆ. ಕಡಿಮೆ ಏರಿಕೆ ಬೇಕೆಂದವರು ಯಾವ ರಾಶಿಯಿಂದ ತೆಗೆಯಬೇಕು ಅಂತ ಕೈ ತಡೆದು ನಿಂತರು. ಜಗಳವೂ ಆಯಿತು, ಮೂರನೇ ಮಹಡಿಯವರಿಗೆ ಕಿಟಕಿ, ಕೆಳಗಿನವರಿಗೆ ಬೂಷ್ಟು ಹಿಡಿದ ಗೋಡೆ. ಆಗ ಒಬ್ಬರು ಸೀದಾ ಬಂದು ಲೋಟ ಎತ್ತಿ, "ಈ ಸಾಲ ತೀರೋದು ಯಾವಾಗ?" ಅಂದರು. ಹಳೇ ಫೈಲುಗಳನ್ನೆಲ್ಲ ತಿರುವಿ ಹಾಕಿದ್ದೇನೆ, ಆ ಪ್ರಶ್ನೆಗೆ ಜಾಗವಿದ್ದ ಒಂದು ಫಾರಂ ಕೂಡ ಕಂಡಿಲ್ಲ.

ಒಂದು ವಿಷಯ ಮಾತ್ರ ಸಭೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಬಾಡಿಗೆಯೆಲ್ಲ ಹೌಸಿಂಗ್ ಬೆನಿಫಿಟ್ಟಿನಿಂದಲೇ (ಕಡಿಮೆ ಆದಾಯದವರ ಬಾಡಿಗೆಗೆ ಸಿಗುವ ಸರ್ಕಾರಿ ನೆರವು) ಹೋಗುವವರಿಗೆ ಏರಿಕೆ ಅಷ್ಟಾಗಿ ತಟ್ಟುವುದಿಲ್ಲ. ಬಾಡಿಗೆ ನೆರವೂ ಸೇರಿಯೇ ಬರುವ ಸರ್ಕಾರಿ ಭತ್ಯೆ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಇರುವವರು ಏಪ್ರಿಲ್‌ನಲ್ಲಿ ಹೊಸ ಬಾಡಿಗೆಯನ್ನು ತಾವೇ ಆನ್‌ಲೈನ್ ಖಾತೆಯಲ್ಲಿ ತಿಳಿಸಬೇಕು, ಮರೆತರೆ ಬಾಕಿ ಬೆಳೆಯುತ್ತದೆ. ನಿಜಕ್ಕೂ ನಲುಗುವವರು ನೆರವಿನ ಗೆರೆಗಿಂತ ಒಂದಿಷ್ಟೇ ಮೇಲಿರುವ ದುಡಿಯುವ ಸಂಸಾರದವರು, ಮತ್ತು ನಾನು ಸಭೆ ಇಟ್ಟುಕೊಳ್ಳುವ ಮಧ್ಯಾಹ್ನ ಎರಡು ಗಂಟೆಗೆ ಅವರೆಲ್ಲ ಕೆಲಸದಲ್ಲಿರುತ್ತಾರೆ. ಹಾಗಾಗಿ ಸಂಜೆ ಏಳಕ್ಕೆ ಫೋನ್ ಮಾಡಲು ಶುರು ಮಾಡಿದೆ. ಅವರ ಉತ್ತರಗಳನ್ನು ಒಟ್ಟು ಸರಾಸರಿಯಲ್ಲಿ ಕರಗಿಸದೆ ವರದಿಯಲ್ಲಿ ಬೇರೆ ಕಾಲಂನಲ್ಲೇ ತೋರಿಸುತ್ತೇನೆ.

ಎಲ್ಲ ಮಾಡಿದರೂ ಇದು ಮತದಾನವಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. 2023-24ರ ಏರಿಕೆ ಸರಾಸರಿ ವಾರಕ್ಕೆ 5 ಪೌಂಡ್ ಮೀರದಂತೆ ನೋಡಿಕೊಳ್ಳುತ್ತೇವೆ ಅಂತ ಸ್ಕಾಟ್ಲೆಂಡಿನ ಕೌನ್ಸಿಲ್‌ಗಳೆಲ್ಲ ಸೇರಿ ಘೋಷಿಸಿದ್ದನ್ನು ಜನ ನೆನಪಿಟ್ಟುಕೊಂಡಿದ್ದಾರೆ. ಮೇಲೆ ಎಲ್ಲ ತೀರ್ಮಾನ ಆದಮೇಲೆ ನಮ್ಮನ್ನೇನು ಕೇಳೋದು ಅನ್ನುತ್ತಾರೆ. ನಮ್ಮ ಕೌನ್ಸಿಲರ್‌ಗಳೂ ಒಂದು ಸಲ ಹೆಚ್ಚು ಜನ ಆರಿಸಿದ ಆಯ್ಕೆ ಬಿಟ್ಟು ಬೇರೆಯದನ್ನು ತೀರ್ಮಾನಿಸಿದರು. ಯಾಕೆ ಅನ್ನೋದನ್ನು ಒಂದು ಪುಟದಲ್ಲಿ ಬರೆಸಿ ಉತ್ತರ ಕೊಟ್ಟ ಪ್ರತಿಯೊಬ್ಬರಿಗೂ ಕಳಿಸಿದೆ. ಬೈಗುಳ ಬಂತು, ಬರಲಿ. ಆ ಪುಟ ಕಳಿಸದೆ ಮುಂದಿನ ನವೆಂಬರಿನಲ್ಲಿ ಅವರ ಬಾಗಿಲು ತಟ್ಟಲು ನನಗೆ ಮುಖ ಇರುತ್ತಿರಲಿಲ್ಲ.

ಈಗ ಕರಪತ್ರದ ಕರಡು ಆಗಸ್ಟ್‌ನಲ್ಲೇ ಆ ಪೆನ್ಸಿಲ್ ಅಜ್ಜಿಗೆ ಹೋಗುತ್ತದೆ. 48 ವಾರದ ಕಾಲಂ ಮೊದಲು, 52ರದ್ದು ಆಮೇಲೆ. ಕಳೆದ ಸಲ ವಾಪಸು ಬಂದಾಗ ಲೆಕ್ಕದ ಪಕ್ಕದಲ್ಲೆಲ್ಲ ಸರಿ ಗುರುತು ಹಾಕಿದ್ದರು. ಒಂದೇ ಒಂದು ಸಾಲಿನ ಮೇಲೆ ಉದ್ದಕ್ಕೆ ಗೀಟೆಳೆದಿದ್ದರು: "ನಿಮ್ಮ ಅಭಿಪ್ರಾಯ ನಮಗೆ ಬಹಳ ಅಮೂಲ್ಯ."