ತೊಳೆಯದ ಕರುಳೇ ಬೇಕು

"ಯವ್ವಾ, ಕೂಸಿಗಿ ಎಲಿ ದೇಟು ಇಟ್ಟೀರೇನು?"

ಕಲಬುರಗಿಯ ಎಕ್ಸ್‌ರೇ ರೂಮಿನ ಬಾಗಿಲಲ್ಲಿ ಮಲ ಸರಿಯಾಗಿ ಹೋಗದ ಕೂಸಿಗೆ ಗುದದಿಂದ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಔಷಧ) ಬಿಟ್ಟು ಕರುಳಿನ ಫಿಲ್ಮ್ ತೆಗೆಯುವ ಮುಂಚೆ, ನಾನು ಮೊದಲು ಕೇಳುವುದು ಇದನ್ನೇ. ಹೊಸದಾಗಿ ಕೆಲಸಕ್ಕೆ ಸೇರಿದ ನೀವೂ ಕೇಳಿ. ಅಫಜಲಪುರದವರಿರಲಿ, ಸೇಡಂನವರಿರಲಿ, ಅಜ್ಜಿ ಇರುವ ಮನೆಯಲ್ಲಿ ಮಲ ಇಳಿಯಲೆಂದು ಗುದದಲ್ಲಿ ಔಡಲೆಣ್ಣೆ ಹಚ್ಚಿದ ವೀಳ್ಯದೆಲೆ ದೇಟೋ ಸಾಬೂನಿನ ಚೂರೋ ಇಟ್ಟು ಆಗಿಯೇ ಇರುತ್ತದೆ. ಬೈಯಬೇಡಿ, ಬೈದರೆ ನಿಜ ಹೇಳುವುದಿಲ್ಲ.

ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹಿರ್ಷ್‌ಸ್ಪ್ರಂಗ್ 1886ರಲ್ಲಿ ವಿವರಿಸಿದ, ಅವರ ಹೆಸರನ್ನೇ ಹೊತ್ತ ಕಾಯಿಲೆಯನ್ನು ಹುಡುಕಲು ಈ ಪರೀಕ್ಷೆ. ಸುಮಾರು 5000 ಹೆರಿಗೆಗೆ ಒಂದು ಕೂಸಿಗೆ ಬರುತ್ತದೆ. ಗುದದಿಂದ ಮೇಲಕ್ಕೆ ಒಂದಷ್ಟು ದೂರ ಕರುಳಿನ ಗೋಡೆಯಲ್ಲಿ ನರಕೋಶಗಳಿರುವುದಿಲ್ಲ. ಅಷ್ಟು ಭಾಗ ಬಿಗಿದುಕೊಂಡೇ ಇರುತ್ತದೆ, ಮೇಲಿನದು ಉಬ್ಬುತ್ತದೆ. ಬಿಗಿದ ಕರುಳು ಅಗಲವಾಗುವ ಆ ಜಾಗವೇ ನಮಗೆ ಬೇಕಾದದ್ದು. ದೇಟು, ಎನಿಮಾ, ಬೆರಳಿನ ಪರೀಕ್ಷೆ ಏನಾದರೂ ಆಗಿದ್ದರೆ ಉಬ್ಬರ ಇಳಿದು ಅದು ಮಾಸಿಹೋಗಬಹುದು. ಒಮ್ಮೆ ಹಿಂದಿನ ರಾತ್ರಿಯೇ ಎನಿಮಾ ಕೊಟ್ಟು ಕಳಿಸಿದ್ದ ಕೂಸಿನ ಫಿಲ್ಮ್ ಚೆಂದವೇ ಕಂಡಿತ್ತು. ತಿಂಗಳೊಪ್ಪತ್ತಿನಲ್ಲಿ ಅದೇ ಕೂಸು ಗಡಿಗೆಯಂಥ ಹೊಟ್ಟೆ ಹೊತ್ತು ಬಂತು.

ಮೊದಲು ಸಾದಾ ಫಿಲ್ಮ್ ತೆಗೆಯಿರಿ. ಕರುಳಿನ ಹೊರಗೆ ಗಾಳಿ ಕಂಡರೆ, ಅಥವಾ ಜ್ವರದ ಜೊತೆ ನಾರುವ ಭೇದಿ ಇದ್ದರೆ, ಔಷಧ ಹಾಕದೆ ಡಾಕ್ಟರನ್ನು ಕರೆಯಿರಿ. ಹಸಿರು ವಾಂತಿಯಾಗುತ್ತಿದ್ದರೆ ಕರುಳು ತಿರುಚಿರಬಹುದು. ಅದನ್ನು ನೋಡಲು ಬಾಯಿಂದ ಅಥವಾ ಮೂಗಿನ ಟ್ಯೂಬಿನಿಂದ ಔಷಧ ಕೊಡಬೇಕು, ಅದೂ ಆಗಿಂದಾಗಲೇ.

ಹಸಿಗೂಸಿಗೆ ಬೇರಿಯಂಗಿಂತ ನೀರಿನಲ್ಲಿ ಕರಗುವ ಅಯೋಡಿನ್ ಕಾಂಟ್ರಾಸ್ಟ್ ಮೇಲು. ಅದನ್ನು ಮೈ ಬಿಸಿಯಷ್ಟು ಬೆಚ್ಚಗೆ ಮಾಡಿಕೊಳ್ಳಿ. ಹೊರಗೆ 42 ಡಿಗ್ರಿ ಬಿಸಿಲಿದ್ದರೂ ನಮ್ಮ ಎಸಿ ಮಷೀನಿಗಾಗಿ ಓಡುತ್ತಿರುತ್ತದೆ, ಕೂಸು ನಡುಗುತ್ತದೆ. ಕುಲಾಯಿ ಹಾಕಿಸಿ, ಹೊದಿಸಿ.

ಮೆತ್ತನೆಯ ಸಣ್ಣ ಟ್ಯೂಬಿನ ತುದಿ ಗುದದೊಳಗೆ ಸ್ವಲ್ಪವೇ ಇರಲಿ, ಕುಂಡಿ ಒತ್ತಿ ಟೇಪು ಹಾಕಿ. ಟ್ಯೂಬಿನ ತುದಿಗೆ ಬಲೂನ್ ಬೇಡ, ಅದು ಬಿಗಿದ ಭಾಗವನ್ನೇ ಹಿಗ್ಗಿಸಿ ಮುಚ್ಚಿಬಿಡುತ್ತದೆ. ಕೂಸನ್ನು ಪಕ್ಕಕ್ಕೆ ಮಲಗಿಸಿ, ರೇಡಿಯಾಲಜಿಸ್ಟ್ ಪರದೆ ನೋಡುತ್ತಿರುವಂತೆ ಹನಿಹನಿಯಾಗಿ ಬಿಡಿ. ಕೆಳಭಾಗ ತುಂಬುವ ಮೊದಲ ಚಿತ್ರಗಳೇ ಮುಖ್ಯ. ಗುದನಾಳ ಅದರ ಮೇಲಿನ ಕರುಳಿನ ತಿರುವಾದ ಸಿಗ್ಮಾಯ್ಡ್‌ಗಿಂತ ಅಗಲವಿರಬೇಕು. ಉಲ್ಟಾ ಇದ್ದರೆ ಸಂಶಯ ಪಡಿ. ಜಾಗ ಸಿಕ್ಕಿತೆಂದರೆ ನಿಲ್ಲಿಸಿ, ಉಬ್ಬಿದ್ದನ್ನು ಇನ್ನೂ ತುಂಬಿಸಬೇಡಿ. ಫಿಲ್ಮ್ ಏನೇ ಹೇಳಲಿ, ಕೊನೆಯ ತೀರ್ಪು ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿಯದು.

ಸಂಶಯ ಉಳಿದರೆ 24 ಗಂಟೆ ಬಿಟ್ಟು ಇನ್ನೊಂದು ಫಿಲ್ಮ್ ಬೇಕು, ಔಷಧ ಒಳಗೇ ನಿಂತಿದೆಯೇ ಎಂದು ನೋಡಲು. ಸಂಜೆ ಬಸ್ಸಿಗೆ ಊರಿಗೆ ಹೊರಟುಬಿಡುತ್ತಾರೆ, ತಡೆಯಿರಿ. "ನಾಳಿ ಇದೇ ಹೊತ್ತಿಗಿ ಬರ್ರಿ, ರಾತ್ರಿ ದೇಟು ಇಡಬ್ಯಾಡ್ರಿ." ಇದನ್ನು ತಾಯಿಗಲ್ಲ, ಅಜ್ಜಿಗೆ ಹೇಳಿ.