ಕಾರಿನ ಬೆಲೆ ನೋಡಿದಿರಿ, ಸಿಸಿ ನೋಡಿದಿರಾ?

ಸಣ್ಣ ಕಾರು ಕೊಳ್ಳಲು ಶೋರೂಮಿಗೆ ಹೋದವರು ಮೈಲೇಜು ಎಷ್ಟು, ಬಣ್ಣ ಯಾವುದು, ಸಾಲದ ಕಂತು ತಿಂಗಳಿಗೆ ಎಷ್ಟು ಬೀಳುತ್ತದೆ ಎಂದೆಲ್ಲ ವಿಚಾರಿಸುತ್ತಾರೆ. ವಿಮೆ ಮಾತ್ರ ಆನ್ ರೋಡ್ ಬೆಲೆಯ ಚೀಟಿಯಲ್ಲಿ ಒಂದು ಸಾಲಾಗಿ ಬಂದು, ಯಾರೂ ಪ್ರಶ್ನೆ ಕೇಳದೆ ಹಾಗೆಯೇ ದಾಟಿಹೋಗುತ್ತದೆ. ಆದರೆ ಮುಂದಿನ ವರ್ಷಗಳಲ್ಲಿ ಕಟ್ಟಬೇಕಾದ ಪ್ರೀಮಿಯಂ ಬಹುಮಟ್ಟಿಗೆ ನಿರ್ಧಾರವಾಗುವುದು ಯಾವ ಮಾದರಿಯನ್ನು, ಅದರಲ್ಲೂ ಯಾವ ಎಂಜಿನ್ನನ್ನು ಆರಿಸುತ್ತೀರಿ ಎಂಬುದರ ಮೇಲೆ. ಆದ್ದರಿಂದ ಈ ಲೆಕ್ಕವನ್ನು ಬುಕಿಂಗ್ ಹಣ ಕೊಡುವ ಮೊದಲೇ ಹಾಕಬೇಕು.

ಮೊದಲು ನೋಡಬೇಕಾದದ್ದು ಎಂಜಿನ್ನಿನ ಸಿಸಿ, ಅಂದರೆ ಅದರ ಗಾತ್ರ. ಕಾನೂನಿನಂತೆ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಯ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಯ, ದರವನ್ನು ಕೇಂದ್ರ ಸರ್ಕಾರವೇ ಗೊತ್ತುಮಾಡುವುದರಿಂದ ಅದರಲ್ಲಿ ಚೌಕಾಸಿಗೆ ಎಡೆಯಿಲ್ಲ. 2022ರ ಜೂನ್ 1ರಂದು ಜಾರಿಗೆ ಬಂದ ದರಪಟ್ಟಿಯ ಪ್ರಕಾರ 1000 ಸಿಸಿ ಮೀರದ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗಿನ ಕಾರಿಗೆ 3,416 ರೂಪಾಯಿ, ಅದಕ್ಕೂ ಮೇಲಾದರೆ 7,897 ರೂಪಾಯಿ. ಸುಪ್ರೀಂ ಕೋರ್ಟಿನ ಆದೇಶದಿಂದಾಗಿ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕೊಳ್ಳಬೇಕು. ಆ ಮೊತ್ತ ಮೊದಲ ವರ್ಗಕ್ಕೆ 6,521 ರೂಪಾಯಿ, ಎರಡನೆಯದಕ್ಕೆ 10,640 ರೂಪಾಯಿ. ಇದರ ಮೇಲೆ ಶೇ 18ರಷ್ಟು ಜಿಎಸ್‌ಟಿ ಬೇರೆ.

ಇಲ್ಲಿಯೇ ಹಲವರು ಎಡವುತ್ತಾರೆ. ತೆರಿಗೆಯ ಲೆಕ್ಕದಲ್ಲಿ ಸಣ್ಣ ಪೆಟ್ರೋಲ್ ಕಾರು ಎಂದರೆ 4 ಮೀಟರ್ ಉದ್ದ ಮತ್ತು 1200 ಸಿಸಿ ಮೀರದ ಕಾರು. ವಿಮೆಯ ಗೆರೆ ಇರುವುದು 1000 ಸಿಸಿಯಲ್ಲಿ. ಸ್ವಿಫ್ಟ್, ಟಿಯಾಗೊ, ಗ್ರ್ಯಾಂಡ್ ಐ10 ನಿಯೋಸ್, ಪಂಚ್ ಇವೆಲ್ಲ ನೋಡಲು ಸಣ್ಣವಾದರೂ ಸುಮಾರು 1200 ಸಿಸಿ ಎಂಜಿನ್ ಇರುವುದರಿಂದ ವಿಮೆಯಲ್ಲಿ ಎರಡನೆಯ ವರ್ಗಕ್ಕೆ ಸೇರುತ್ತವೆ. ಆಲ್ಟೊ ಕೆ10, ಸೆಲೆರಿಯೊ, ಎಸ್‌ಪ್ರೆಸ್ಸೊ ಮತ್ತು ಕ್ವಿಡ್ ಕಾರುಗಳು ಗೆರೆಯ ಒಳಗಿವೆ. ವ್ಯಾಗನ್ಆರ್ ಎರಡು ಎಂಜಿನ್ನುಗಳಲ್ಲಿ ಬರುತ್ತದೆ: 998 ಸಿಸಿ ಮತ್ತು 1197 ಸಿಸಿ. ಮೈಕಟ್ಟು ಒಂದೇ ಆದರೂ ಮೊದಲ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯಲ್ಲಿಯೇ ತೆರಿಗೆ ಸೇರಿ 4,860 ರೂಪಾಯಿಗಳ ಅಂತರ ಬೀಳುತ್ತದೆ. ನಾಲ್ಕು ಜನರನ್ನು ಕೂರಿಸಿಕೊಂಡು ಆಗಾಗ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಹತ್ತುವವರಿಗೆ ದೊಡ್ಡ ಎಂಜಿನ್ ಬೇಕೆನಿಸಬಹುದು. ಊರೊಳಗೆ ಓಡಾಡುವವರಿಗೆ ಅದು ಅನಗತ್ಯ ಖರ್ಚು.

ಎರಡನೆಯದು ಓನ್ ಡ್ಯಾಮೇಜ್ ಭಾಗ, ಅಂದರೆ ನಿಮ್ಮ ಕಾರಿಗೇ ಆಗುವ ಹಾನಿ ಮತ್ತು ಕಳವಿನ ವಿಮೆ. ಇದನ್ನು ಕಾರಿನ ಐಡಿವಿಯ, ಎಂದರೆ ಸವಕಳಿ ಕಳೆದು ಉಳಿಯುವ ಮೌಲ್ಯದ, ಶೇಕಡಾವಾರು ಲೆಕ್ಕದಲ್ಲಿ ಹಾಕುತ್ತಾರೆ. ಹಳೆಯ ದರಪಟ್ಟಿಯಲ್ಲಿ 1000 ಸಿಸಿ ಮೀರದ, ಐದು ವರ್ಷದೊಳಗಿನ ಕಾರಿಗೆ ಬೆಂಗಳೂರಿನಲ್ಲಿ ಶೇ 3.127, ರಾಜ್ಯದ ಉಳಿದ ಊರುಗಳಲ್ಲಿ ಶೇ 3.039 ಎಂದಿದೆ. ಈಗ ದರ ಕಂಪನಿಗಳ ಇಚ್ಛೆಗೆ ಬಿಟ್ಟದ್ದಾದ್ದರಿಂದ ರಿಯಾಯಿತಿ ಒಂದೊಂದು ಕಡೆ ಒಂದೊಂದು ರೀತಿ ಸಿಗುತ್ತದೆ. ಫ್ರಾಂಕ್ಸ್ ಟರ್ಬೊದಂಥ ಕಾರಿನ ಎಂಜಿನ್ 998 ಸಿಸಿಯದಾದರೂ ಕಾರಿನ ಬೆಲೆಯೇ ಹೆಚ್ಚಿರುವುದರಿಂದ, ಥರ್ಡ್ ಪಾರ್ಟಿಯಲ್ಲಿ ಉಳಿಸಿದ್ದನ್ನು ಇಲ್ಲಿ ಕಳೆದುಕೊಳ್ಳುವಿರಿ. ಅಗ್ಗದ ವಿಮೆ ಬೇಕೆನ್ನುವವರು ಎಲ್ಲಕ್ಕಿಂತ ಮೇಲಿನ ವೇರಿಯಂಟನ್ನು ಬಿಟ್ಟು ನಡುವಿನದನ್ನು ಆರಿಸುವುದು ಒಳ್ಳೆಯದು. ಎಲೆಕ್ಟ್ರಿಕ್ ಕಾರಿನದೂ ಇದೇ ಕಥೆ: ಅದಕ್ಕೆ ಥರ್ಡ್ ಪಾರ್ಟಿ ದರದಲ್ಲಿ ಶೇ 15ರಷ್ಟು ರಿಯಾಯಿತಿ ಇದ್ದು, ಮೋಟರಿನ ಶಕ್ತಿ 30ರಿಂದ 65 ಕಿಲೊವ್ಯಾಟ್ ಇರುವ ವರ್ಗಕ್ಕೆ ವರ್ಷಕ್ಕೆ 2,904 ರೂಪಾಯಿ ಆಗುತ್ತದಾದರೂ ಕಾರಿನ ಬೆಲೆ ಆ ಲಾಭವನ್ನು ತಿಂದುಹಾಕುತ್ತದೆ.

ಆಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಸರ್ವಿಸ್ ಸೆಂಟರಿಗೆ ಹೋಗಿ ಮುಂದಿನ ಬಂಪರ್, ಹೆಡ್‌ಲೈಟ್ ಮತ್ತು ಸೈಡ್ ಮಿರರ್‌ಗಳ ಬೆಲೆ ಕೇಳಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧವನ್ನು ಸವಕಳಿ ಎಂದು ಕಳೆಯುತ್ತಾರೆ. ಗಾಜಿಗೆ ಮಾತ್ರ ಏನನ್ನೂ ಕಳೆಯುವುದಿಲ್ಲ. ಸಿಗ್ನಲ್‌ನಲ್ಲಿ ಹಿಂದಿನವನು ಮೆಲ್ಲಗೆ ತಾಕಿಸಿದರೂ ಮೊದಲು ಒಡೆಯುವುದು ಬಂಪರ್ರೇ ಅಲ್ಲವೇ? ಸೆನ್ಸರ್, ಕ್ಯಾಮೆರಾಗಳನ್ನು ಕೂಡಿಸಿದ ಬಂಪರ್ ಆದರೆ ನಿಮ್ಮ ಪಾಲೂ ಬೆಳೆಯುತ್ತದೆ. ಈ ಸವಕಳಿಯನ್ನು ತಪ್ಪಿಸುವ ಝೀರೊ ಡೆಪ್ರಿಸಿಯೇಷನ್ ಸೌಲಭ್ಯಕ್ಕೆ ಹೆಚ್ಚುವರಿ ಹಣ ಕೊಡಬೇಕಾಗುತ್ತದಾದರೂ ಮೊದಲ ಮೂರು ವರ್ಷ ಅದನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ಹಳೆಯ ಕಾರನ್ನು ಮಾರಿ ಹೊಸದು ಕೊಳ್ಳುವವರು ಮರೆಯುವ ಸಂಗತಿ ನೋ ಕ್ಲೇಮ್ ಬೋನಸ್. ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ತಕ್ಕಂತೆ ಓನ್ ಡ್ಯಾಮೇಜ್ ಭಾಗದಲ್ಲಿ ಕ್ರಮವಾಗಿ ಶೇ 20, 25, 35, 45 ಮತ್ತು 50ರಷ್ಟು ಕಡಿತ ಸಿಗುತ್ತದೆ. ಇದು ಕಾರಿಗೆ ಅಂಟಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಹಳೆಯ ಕಾರು ಮಾರಿದಾಗ ಅದರ ವಿಮಾ ಕಂಪನಿಯಿಂದ ಪತ್ರ ಪಡೆದು ಹೊಸ ಕಾರಿನ ಪಾಲಿಸಿಗೆ ತಂದುಕೊಳ್ಳಬಹುದು. ಆದರೆ ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಈ ಬೋನಸ್ ಕೈತಪ್ಪುತ್ತದೆ.

ಇನ್ನು ಕೊಟೇಷನ್ ತರಿಸುವ ಹಂತ. ಡೀಲರ್ ಹೇಳಿದ ಕಂಪನಿಯಲ್ಲಿಯೇ ವಿಮೆ ಮಾಡಿಸಬೇಕೆಂಬ ನಿಯಮವಿಲ್ಲ. ಎರಡು ಮೂರು ಕಂಪನಿಗಳಿಂದ ಒಂದೇ ಐಡಿವಿಗೆ, ಒಂದೇ ಬಗೆಯ ಸೌಲಭ್ಯಗಳಿಗೆ ದರ ಕೇಳಿ ಪಕ್ಕಪಕ್ಕ ಇಟ್ಟು ನೋಡಿ. ಪ್ರೀಮಿಯಂ ತೀರಾ ಕಡಿಮೆ ಕಂಡರೆ ಮೊದಲು ಐಡಿವಿಯತ್ತ ಕಣ್ಣು ಹಾಯಿಸಿ. ಅದನ್ನು ಇಳಿಸಿಯೇ ದರ ಇಳಿಸಿರುತ್ತಾರೆ, ಕಾರು ಕಳುವಾದ ದಿನ ಕೈಗೆ ಬರುವುದೂ ಅಷ್ಟೇ. 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಈಗಾಗಲೇ ನಿಮ್ಮ ಹೆಸರಿನಲ್ಲಿದ್ದರೆ ಅದಕ್ಕೆ ಮತ್ತೆ ಹಣ ಕಟ್ಟಬೇಕಾಗಿಲ್ಲ ಎಂಬುದನ್ನೂ ಡೀಲರಿಗೆ ನೆನಪಿಸಿ.

ಪಾಲಿಸಿ ಕೈಗೆ ಬಂದ ಮೇಲೆ ಸಣ್ಣಪುಟ್ಟ ಗೀರಿಗೆಲ್ಲ ಕ್ಲೇಮ್ ಮಾಡಬೇಡಿ. ಬೋನಸ್ ಕಳೆಯುವ ಮೊದಲು ಓನ್ ಡ್ಯಾಮೇಜ್ ಪ್ರೀಮಿಯಂ 10,000 ರೂಪಾಯಿ ಇದ್ದು, ಶೇ 50ರ ಬೋನಸ್ ಇರುವವರು 3,000 ರೂಪಾಯಿಯ ಪೇಂಟಿಂಗ್‌ಗೆ ಕ್ಲೇಮ್ ಮಾಡಿದರೆ, ಪ್ರತಿ ಕ್ಲೇಮಿನಲ್ಲೂ ನೀವೇ ಭರಿಸಬೇಕಾದ ಕಡ್ಡಾಯ ಕಡಿತದ 1,000 ರೂಪಾಯಿ ಹೋಗಿ ಸಿಗುವುದು ಹೆಚ್ಚೆಂದರೆ 2,000; ಮುಂದಿನ ವರ್ಷ ಬೋನಸ್ ಇಲ್ಲವಾಗಿ ಕಳೆದುಕೊಳ್ಳುವುದು 5,000.