ಮಾತ್ರೆ ಬಿಲ್ಲು ಇಳಿಸಬೇಕೇ? ಮೊದಲು ಸ್ಟ್ರಿಪ್ಪಿನ ಬೆನ್ನು ಓದಿ

ನಮ್ಮ ಬೀದಿಯ ಅಜ್ಜಿಯೊಬ್ಬರು ಬೆಳಿಗ್ಗೆ ಬಚ್ಚಲುಮನೆಯಲ್ಲಿ ತಲೆಸುತ್ತಿ ಕುಸಿದರು. ಊರಿಗೆ ಬಂದಿದ್ದ ಮಗ ಜನೌಷಧಿ ಕೇಂದ್ರದಿಂದ ಅಗ್ಗದ ಬಿಪಿ ಮಾತ್ರೆ ತಂದಿಟ್ಟು ಹೋಗಿದ್ದ. ಅಜ್ಜಿ ಅದನ್ನು ಬೆಳಿಗ್ಗೆ ನುಂಗುತ್ತಿದ್ದರು. ದುಡ್ಡು ಕೊಟ್ಟು ತಂದದ್ದು ದಂಡವಾಗಬಾರದು ಅಂತ ಹಳೆಯ ಬ್ರಾಂಡಿನದನ್ನು ರಾತ್ರಿ ನುಂಗುತ್ತಿದ್ದರು. "ಒಂದು ಚಪ್ಪಟೆ, ಒಂದು ಉದ್ದ. ಎರಡೂ ಒಂದೇ ಅಂತ ನಂಗೇನು ಗೊತ್ತು ಮಾರಾಯ?" ಎರಡರ ಒಳಗಿದ್ದದ್ದೂ ಒಂದೇ ಬಿಪಿ ಔಷಧ, ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ.

ಹದಿನೆಂಟು ವರ್ಷ ಮೆಡಿಕಲ್ ಶಾಪಿನ ಕೌಂಟರಿನ ಒಳಗೆ ನಿಂತವನು ನಾನು. ಮಾತ್ರೆ ಬದಲಿಸಲು ಹೋಗಿ ಎಡವಿದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಅದಕ್ಕೇ ಈ ಬರಹ.

ಮೊದಲು ಮನೆಯ ಮಾತ್ರೆಗಳನ್ನೆಲ್ಲ ಊಟದ ಮೇಜಿನ ಮೇಲೆ ಸುರಿಯಿರಿ. ಫ್ರಿಜ್ಜಿನ ತಲೆ, ದೇವರಮನೆಯ ಗೂಡು, ವ್ಯಾನಿಟಿ ಬ್ಯಾಗು, ಯಾವುದನ್ನೂ ಬಿಡಬೇಡಿ. ಪಕ್ಕದಲ್ಲಿ ಡಾಕ್ಟರ ಚೀಟಿ ಇಟ್ಟುಕೊಳ್ಳಿ. ಚೀಟಿಯಲ್ಲಿ ಇಲ್ಲದ್ದನ್ನು ಬೇರೆ ಗುಡ್ಡೆ ಮಾಡಿ. ಆ ಗುಡ್ಡೆಯಲ್ಲಿ ಗ್ಯಾಸಿನ ಮಾತ್ರೆ ಸಿಕ್ಕೇ ಸಿಗುತ್ತದೆ ಅಂತ ಬಾಜಿ ಕಟ್ಟುತ್ತೇನೆ. ಆಂಟಿಬಯಾಟಿಕ್ ಜೊತೆ ಐದು ದಿನಕ್ಕೆ ಅಂತ ಬರೆದುಕೊಟ್ಟ ಪ್ಯಾಂಟೊಪ್ರಜೋಲ್ ಅನ್ನು ಮೂರು ವರ್ಷ ತಪ್ಪದೆ ಕೊಂಡವರಿದ್ದಾರೆ. ಕೊಟ್ಟವನು ನಾನೇ.

ಇನ್ನು ಕಷ್ಟದ ಕೆಲಸ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊಬೈಲ್ ಬೇಡ, ನೋಟ್‌ಬುಕ್ಕೇ ಬೇಕು; ಆಸ್ಪತ್ರೆಗೆ ಕರೆದೊಯ್ಯುವವರ ಕೈಗೆ ಅದು ಸಿಗಬೇಕು. ಪ್ರತಿ ಮಾತ್ರೆಗೂ ನಾಲ್ಕು ಸಂಗತಿ ಬರೆಯಿರಿ: ಕಂಟೆಂಟ್, ಪವರ್, ಬಾಲ (ಹೆಸರಿನ ಕೊನೆಗೆ ಅಂಟಿದ ಅಕ್ಷರಗಳು), ದಿನಕ್ಕೆ ಎಷ್ಟು.

ಕಂಟೆಂಟ್ ಅಂದರೆ ಬ್ರಾಂಡಿನ ಹೆಸರಲ್ಲ, ಒಳಗಿರುವ ಔಷಧದ ಹೆಸರು. ಅದನ್ನು ಬ್ರಾಂಡಿಗಿಂತ ದೊಡ್ಡ ಅಕ್ಷರದಲ್ಲಿ ಹಾಕಬೇಕೆಂಬ ನಿಯಮ 2018ರಲ್ಲೇ ಬಂದಿದೆ. ಆದರೂ ನಮ್ಮ ಕಣ್ಣು ಬ್ರಾಂಡಿನ ಬಣ್ಣಕ್ಕೇ ಹೋಗುತ್ತದೆ. ಹೆಸರನ್ನು ಕೊನೆಯ ಅಕ್ಷರದವರೆಗೂ ಬರೆದುಕೊಳ್ಳಿ. ಬಿಪಿಗೆ ಕೊಡುವ ಅಮ್ಲೋಡಿಪಿನ್ ಬೇರೆ, ಎಸ್-ಅಮ್ಲೋಡಿಪಿನ್ ಬೇರೆ. ಎರಡನೆಯದರ 2.5 ಮಿಲಿಗ್ರಾಂ, ಮೊದಲನೆಯದರ 5ಕ್ಕೆ ಸಮ. ಇನ್ನೊಂದು ಬಿಪಿ ಔಷಧವನ್ನು ಮೆಟೊಪ್ರೊಲಾಲ್ ಅಂತಷ್ಟೇ ಬರೆದರೆ ಸಾಲದು. ಸಕ್ಸಿನೇಟೋ ಟಾರ್ಟ್ರೇಟೋ ನೋಡಿ. ಸಕ್ಸಿನೇಟ್ ನಿಧಾನವಾಗಿ ಕರಗಿ ದಿನವಿಡೀ ಕೆಲಸ ಮಾಡುವಂಥದ್ದು, ಟಾರ್ಟ್ರೇಟ್ ಬೇಗ ಇಳಿದುಹೋಗುತ್ತದೆ.

ಪವರ್ ಬರೆಯುವಾಗ ಅಂಕಿಯ ಪಕ್ಕದ ಅಕ್ಷರವನ್ನೂ ಬರೆಯಿರಿ. ಥೈರಾಯ್ಡ್ ಮಾತ್ರೆಯ ಅಳತೆ ಮೈಕ್ರೋಗ್ರಾಂ, ಮಿಲಿಗ್ರಾಂ ಅಲ್ಲ.

ಎಲ್ಲರೂ ಬಿಡುವುದು ಬಾಲವನ್ನು. ಎಸ್‌ಆರ್, ಇಆರ್, ಎಕ್ಸ್‌ಎಲ್ ಅಂತಿದ್ದರೆ ಅದು ಹೊಟ್ಟೆಯಲ್ಲಿ ನಿಧಾನ ಬಿಡುಗಡೆಯಾಗುವ ಮಾತ್ರೆ. ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ 500 ಎಸ್‌ಆರ್ ಬದಲು ಬರೀ ಮೆಟ್‌ಫಾರ್ಮಿನ್ 500 ತಂದರೆ ಹೊಟ್ಟೆ ಕೆಡಬಹುದು, ಶುಗರ್ ಲೆಕ್ಕವೂ ತಪ್ಪಬಹುದು. ಇವನ್ನು ಪುಡಿಮಾಡಿ ಹಾಲಿಗೆ ಬೆರೆಸುವವರಿದ್ದಾರೆ, ಮಾಡಬೇಡಿ. ಟೆಲ್ಮಿಸಾರ್ಟಾನಿನ ಕೊನೆಗೆ ಎಚ್ ಇದ್ದರೆ ನೀರಿಳಿಸುವ ಹೈಡ್ರೋಕ್ಲೋರೋಥಯಜೈಡ್ ಸೇರಿದೆ, ಎಎಂ ಇದ್ದರೆ ಅಮ್ಲೋಡಿಪಿನ್ ಸೇರಿದೆ. ಬಾಲ ಬಿಟ್ಟರೆ ಒಂದು ಔಷಧವೇ ಕೈತಪ್ಪಿತು.

ನೋಟ್‌ಬುಕ್ ಹಿಡಿದು ಡಾಕ್ಟರ ಹತ್ತಿರ ಹೋಗಿ. "ಸರ್, ಕಂಟೆಂಟ್ ಹೆಸರು ಬರೆದುಕೊಡ್ತೀರಾ?" ಅಂತ ಕೇಳಿ, ಸಂಕೋಚ ಬೇಡ. ಚೀಟಿಯಲ್ಲಿ ಬ್ರಾಂಡ್ ಇದ್ದರೆ, ಕಂಟೆಂಟ್ ಒಂದೇ ಆದರೂ ಷೆಡ್ಯೂಲ್ ಎಚ್ ಔಷಧವನ್ನು (ಡಾಕ್ಟರ ಚೀಟಿ ಇದ್ದರೆ ಮಾತ್ರ ಕೊಡಬೇಕಾದದ್ದನ್ನು) ನಾವು ಅಂಗಡಿಯವರು ಬದಲಿಸಿ ಕೊಡುವಂತಿಲ್ಲ, ಕಾನೂನೇ ಹಾಗಿದೆ. ಥೈರಾಯ್ಡಿಗೆ ಕೊಡುವ ಥೈರಾಕ್ಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ರಕ್ತ ತೆಳುಮಾಡುವ ವಾರ್ಫರಿನ್ ಇದ್ದರೆ ಹತ್ತು ರೂಪಾಯಿ ಉಳಿಸಲು ಕಂಪನಿ ಬದಲಿಸಬೇಡಿ. ಬದಲಿಸಲೇಬೇಕಾದರೆ ಡಾಕ್ಟರಿಗೆ ಹೇಳಿ, ರಕ್ತಪರೀಕ್ಷೆ ಮಾಡಿಸಿ.

ಕೊಳ್ಳುವಾಗ ಸ್ಟ್ರಿಪ್ಪಿನ ಬೆಲೆ ನೋಡಬೇಡಿ, ಒಂದು ಮಾತ್ರೆಯ ಬೆಲೆ ನೋಡಿ. ಒಂದರಲ್ಲಿ 10, ಇನ್ನೊಂದರಲ್ಲಿ 15 ಮಾತ್ರೆ ಇರುತ್ತದೆ. ಜನೌಷಧಿ ಕೇಂದ್ರದಲ್ಲಿ ಬ್ರಾಂಡಿಗಿಂತ ಶೇಕಡಾ 50ರಿಂದ 80ರಷ್ಟು ಕಡಿಮೆ ಅಂತ ಸರ್ಕಾರ ಹೇಳುತ್ತದೆ. ಜನೌಷಧಿ ಸುಗಮ್ ಆ್ಯಪಿನಲ್ಲಿ ಬೆಲೆ ನೋಡಿಕೊಂಡೇ ಹೊರಡಬಹುದು. ಬಿಪಿ, ಶುಗರಿನ ಮಾಮೂಲಿ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ; ಅಲ್ಲಿಗೆ ಹೋಗಲು ನಾಚುವವರನ್ನು ಕಂಡರೆ ನನಗೆ ಸಿಟ್ಟು.

ಡಿಸ್ಕೌಂಟ್ ಬೋರ್ಡಿಗೆ ಮಾತ್ರ ಮರುಳಾಗಬೇಡಿ. ಅಂಗಡಿಯಲ್ಲೇ ಸಿಗುವ ಕೆಲವು ಜೆನರಿಕ್‌ಗಳ (ಹೆಸರಾಂತ ಬ್ರಾಂಡಲ್ಲದ, ಅದೇ ಕಂಟೆಂಟಿನ ಔಷಧಗಳ) ಮೇಲೆ ಬೇಕೆಂದೇ ದೊಡ್ಡ ಎಂಆರ್‌ಪಿ ಹಾಕಿರುತ್ತಾರೆ. 100 ರೂಪಾಯಿ ಅಂತ ಅಚ್ಚಾದದ್ದು ಅಂಗಡಿಗೆ 20ಕ್ಕೆ ಬಿದ್ದಿದ್ದರೆ, ನಿಮಗೆ 70ಕ್ಕೆ ಕೊಟ್ಟು ಉಪಕಾರ ಮಾಡಿದ ಮುಖ ಮಾಡಲು ಏನು ಕಷ್ಟ? ನಾನೂ ಆ ಮುಖ ಮಾಡಿದ್ದೇನೆ.

ಬಿಲ್ ಇಲ್ಲದೆ ಬರಬೇಡಿ, ಬ್ಯಾಚ್ ನಂಬರ್ ತಾಳೆ ನೋಡಲು ಅದು ಬೇಕು. ಗುಣಮಟ್ಟದ ಪರೀಕ್ಷೆಯಲ್ಲಿ ಬಿದ್ದ ಔಷಧಗಳ ಪಟ್ಟಿಯನ್ನು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳೂ ಬ್ಯಾಚ್ ನಂಬರ್ ಸಮೇತ ಹಾಕುತ್ತದೆ. ಅದರಲ್ಲಿ ಅಗ್ಗದ್ದೂ ಇರುತ್ತದೆ, ದೊಡ್ಡ ಹೆಸರಿನದೂ ಇರುತ್ತದೆ.

ಮನೆಗೆ ಬಂದ ಮೇಲೆ ಹಳೆಯ ಸ್ಟ್ರಿಪ್ ಮುಗಿಯುವವರೆಗೆ ಹೊಸದನ್ನು ಬೀಗ ಹಾಕಿಡಿ. ಎರಡೂ ಕಣ್ಣಿಗೆ ಬೀಳುವ ಹಾಗೆ ಇರಕೂಡದು. ಶುರುಮಾಡುವ ದಿನ ಸ್ಟ್ರಿಪ್ ಮೇಲೆ ಮಾರ್ಕರಿನಲ್ಲಿ "ಬಿಪಿ, ಬೆಳಿಗ್ಗೆ" ಅಂತ ಕನ್ನಡದಲ್ಲಿ ದಪ್ಪಗೆ ಬರೆಯಿರಿ. ವಾರದ ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿ ನನಗೆ ಹಿಡಿಸದು; ಅದರೊಳಗೆ ಬಿದ್ದ ಮೇಲೆ ಯಾವ ಮಾತ್ರೆಗೂ ಹೆಸರಿಲ್ಲ. ಎರಡು ವಾರ ಬಿಟ್ಟು ಬಿಪಿ, ಶುಗರ್ ನೋಡಿಸಿ ಅಂಕಿಯನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮಾತ್ರೆ ತೆಗೆಯುವಾಗ ಎಕ್ಸ್‌ಪೈರಿ ಅಚ್ಚಾದ ತುದಿಯನ್ನು ಕೊನೆಗೆ ಉಳಿಸಿಕೊಂಡು ಇನ್ನೊಂದು ತುದಿಯಿಂದ ಕತ್ತರಿಸುತ್ತ ಬನ್ನಿ.